ಖಾಲಿ ಜಾಗವೇ ಕಾವಲು

1926ರ ಜುಲೈ 10ರ ಸಂಜೆ ಅಮೆರಿಕದ ನ್ಯೂಜೆರ್ಸಿಯ ಲೇಕ್ ಡೆನ್ಮಾರ್ಕ್‌ನಲ್ಲಿದ್ದ ನೌಕಾಪಡೆಯ ಮದ್ದಿನ ಮನೆಗೆ ಸಿಡಿಲು ಬಡಿಯಿತು. ಒಂದು ಉಗ್ರಾಣಕ್ಕೆ ಹತ್ತಿದ ಬೆಂಕಿ ಪಕ್ಕದ್ದಕ್ಕೂ ಹಬ್ಬಿತು. ಇಪ್ಪತ್ತರಷ್ಟು ಮಂದಿ ಸತ್ತರು. ನೆರೆಯಲ್ಲೇ ಇದ್ದ ಸೇನೆಯ ಪಿಕಟಿನಿ ಶಸ್ತ್ರಾಗಾರವೂ ಜಖಂಗೊಂಡಿತು.

ಸಿಡಿಲನ್ನು ಯಾರೂ ತಡೆಯಲಾರರು. ಆದರೆ ಜನವಸತಿಯ ಮಗ್ಗುಲಲ್ಲಿ ಒತ್ತೊತ್ತಾಗಿ ಮದ್ದು ಪೇರಿಸುವುದನ್ನು ತಡೆಯಬಹುದಿತ್ತು. ತನಿಖೆಯ ಬಳಿಕ ಜನವಸತಿಯಿಂದ ದೂರದ ಜಾಗಕ್ಕಾಗಿ ಶುರುವಾದ ಹುಡುಕಾಟ ನೆವಾಡಾದ ಮರುಭೂಮಿಯ ಹಾಥಾರ್ನ್‌ನಲ್ಲಿ ನಿಂತಿತು. ಹಾಥಾರ್ನ್ 1881ರಲ್ಲಿ ರೈಲಿನ ಜೊತೆ ಹುಟ್ಟಿ, ಗಣಿಗಳ ಸದ್ದಡಗಿದ ಮೇಲೆ ಸೊರಗಿದ್ದ ಪುಟ್ಟ ಊರು. ಸುತ್ತ ಒಣ ಬಯಲು, ಗುಡ್ಡ; ಪೆಸಿಫಿಕ್ ಕರಾವಳಿಗೆ ರೈಲು ಸಂಪರ್ಕ. 1928ರಲ್ಲಿ ಕೆಲಸ ಆರಂಭವಾಗಿ, 1930ರ ಸೆಪ್ಟೆಂಬರಿನಲ್ಲಿ ನೌಕಾಪಡೆಯ ಮದ್ದುಗುಂಡಿನ ಕೋಠಿ ಇಲ್ಲಿ ಕಾರ್ಯಾರಂಭ ಮಾಡಿತು.

ಇಲ್ಲಿನ ಉಗ್ರಾಣಗಳಿಗೆ ಸಿಬ್ಬಂದಿಯ ಬಾಯಲ್ಲಿ ‘ಇಗ್ಲೂ’ ಎಂದೇ ಹೆಸರು. ಕಮಾನಿನಾಕಾರದ ಕಾಂಕ್ರೀಟ್ ಕೋಣೆ, ಮೇಲೂ ಮೂರು ಬದಿಗೂ ದಪ್ಪ ಮಣ್ಣಿನ ಹೊದಿಕೆ, ಎದುರಿಗೆ ಉಕ್ಕಿನ ಬಾಗಿಲು, ಸಿಡಿಲನ್ನು ನೆಲಕ್ಕಿಳಿಸುವ ತಂತಿ. ಒಳಗಿನದು ಸಿಡಿದರೂ ಪಕ್ಕದ ಉಗ್ರಾಣ ಉಳಿಯಬೇಕೆಂಬುದೇ ಈ ಕಟ್ಟೋಣದ ಉದ್ದೇಶ. ಬಾಂಬು ಮತ್ತು ಅದನ್ನು ಸಿಡಿಸುವ ಫ್ಯೂಸನ್ನು ಒಂದೇ ಸೂರಿನಡಿ ಇಡುವಂತಿಲ್ಲ. ಎಷ್ಟು ಮದ್ದಿಗೆ ಎಷ್ಟು ದೂರ ಎಂಬ ಲೆಕ್ಕವೂ ಉಂಟು. ಸುಮಾರು 1,47,000 ಎಕರೆಯಲ್ಲಿ 2,400ಕ್ಕೂ ಹೆಚ್ಚು ಉಗ್ರಾಣಗಳಿವೆ. ಸರಾಸರಿ ತೆಗೆದರೆ ಒಂದೊಂದಕ್ಕೆ ಅರವತ್ತು ಎಕರೆ!

ಎರಡನೇ ಮಹಾಯುದ್ಧದಲ್ಲಿ ಈ ಕೋಠಿಗೆ ಕೈತುಂಬ ಕೆಲಸ. ಪೆಸಿಫಿಕ್ ರಣರಂಗದ ಬಾಂಬು, ರಾಕೆಟ್, ಗುಂಡುಗಳು ಇಲ್ಲಿ ತುಂಬಿ, ಇಲ್ಲಿಂದಲೇ ರೈಲು ಹತ್ತಿದವು. 1945ರಲ್ಲಿ 5,600ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಕೊರಿಯಾ, ವಿಯೆಟ್ನಾಂ ಯುದ್ಧಗಳಲ್ಲೂ ಬಿಡುವಿರಲಿಲ್ಲ. 1977ರಲ್ಲಿ ಕೋಠಿ ನೌಕಾಪಡೆಯಿಂದ ಭೂಸೇನೆಯ ಕೈಗೆ ಬಂತು, 1980ರಿಂದ ನಿರ್ವಹಣೆ ಗುತ್ತಿಗೆದಾರರದ್ದು. ಕೂಡಿಡುವುದರ ಜೊತೆಗೆ ಅವಧಿ ಮೀರಿದ ಮದ್ದುಗುಂಡನ್ನು ಬಿಚ್ಚಿ ನಿಷ್ಕ್ರಿಯಗೊಳಿಸುವುದೂ ಈಗ ಇಲ್ಲಿನ ದೊಡ್ಡ ಕೆಲಸ.

2005ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹಾಥಾರ್ನ್ ಮುಚ್ಚಲು ಶಿಫಾರಸು ಮಾಡಿತು. ಸೇನಾ ನೆಲೆಗಳನ್ನು ಪರಿಶೀಲಿಸುವ ಆಯೋಗ ಒಪ್ಪದೆ ಅದನ್ನು ಉಳಿಸಿತು. ಉಗ್ರಾಣವನ್ನು ದುಡ್ಡಿದ್ದರೆ ಎಲ್ಲಿಯಾದರೂ ಕಟ್ಟಬಹುದು. ಆದರೆ ಊರುಗಳು ಬೆಳೆದು ಕೋಠಿಗಳ ಬೇಲಿಗೇ ಬಂದು ತಾಗುವ ಕಾಲದಲ್ಲಿ ಇಷ್ಟು ವಿಶಾಲ ಬಯಲನ್ನು ಮತ್ತೆ ಹೊಂದಿಸುವುದು ಸುಲಭವಲ್ಲ.