ಕುರಿ ಸಾಕಣೆಯ ಪರಿಸರ ಹೊರೆ: ತಪ್ಪು ಕಲ್ಪನೆ ಮತ್ತು ಸತ್ಯ

ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಕಾರವಾರ–ಅಂಕೋಲಾ ಕರಾವಳಿಯಲ್ಲಿ, ಒದ್ದೆ ನೆಲ ತರುವ ಗೊರಸಿನ ರೋಗ ಮತ್ತು ಜಂತುಬಾಧೆಗಳಿಂದಾಗಿ ಕುರಿ ಸಾಕಣೆ ಬೇರೂರಿಲ್ಲ. ಆದರೆ ಘಟ್ಟದ ಆಚೆಯ ಬಯಲುಸೀಮೆಯಲ್ಲಿ ಅದು ಕುರುಬ ಸಮುದಾಯದ ಪಾರಂಪರಿಕ ಕಸುಬಾಗಿದ್ದು, 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ಈ ಕಸುಬಿನ ಪರಿಸರ ಪರಿಣಾಮವನ್ನು ಅಳೆಯುವ ಬಗೆಯ ಕುರಿತು ನಾಲ್ಕು ತಪ್ಪು ಕಲ್ಪನೆಗಳು ಬಳಕೆಯಲ್ಲಿವೆ.

ತಪ್ಪು ಕಲ್ಪನೆ 1: ಬಯಲಿನಲ್ಲಿ ಮೇಯುವ ಕುರಿಯಿಂದ ಹವಾಮಾನಕ್ಕೆ ಹಾನಿಯಿಲ್ಲ.

ಸತ್ಯ: ಮೆಲುಕು ಹಾಕುವ ಎಲ್ಲ ಪ್ರಾಣಿಗಳಂತೆ ಕುರಿಯ ಹೊಟ್ಟೆಯಲ್ಲಿಯೂ ಸೂಕ್ಷ್ಮಜೀವಿಗಳು ಮೇವಿನ ನಾರನ್ನು ಒಡೆಯುವಾಗ ಮೀಥೇನ್ ಅನಿಲ ಹುಟ್ಟುತ್ತದೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) 2006ರ ಮಾರ್ಗಸೂಚಿಯು ಅಭಿವೃದ್ಧಿಶೀಲ ದೇಶಗಳಲ್ಲಿ ಕುರಿಯೊಂದಕ್ಕೆ ವರ್ಷಕ್ಕೆ 5 ಕಿಲೋಗ್ರಾಂ ಮೀಥೇನ್ ಎಂದು ಲೆಕ್ಕ ಹಿಡಿಯುತ್ತದೆ; ನೂರು ವರ್ಷಗಳ ಅವಧಿಗೆ ಎಣಿಸಿದರೆ ಅದು ಸುಮಾರು 135 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ.

ತಪ್ಪು ಕಲ್ಪನೆ 2: ಕಿಲೋ ಮಾಂಸಕ್ಕೆ ಎಷ್ಟು ಅನಿಲ ಎಂಬ ಒಂದೇ ಅಂಕಿ ಸಾಕು.

ಸತ್ಯ: ಒಣ ಮೇವು ತಿಂದು ನಿಧಾನವಾಗಿ ಬೆಳೆಯುವ ಕುರಿ ತಲೆಯ ಲೆಕ್ಕದಲ್ಲಿ ಕಡಿಮೆ ಅನಿಲ ಬಿಟ್ಟರೂ ಕಿಲೋ ಮಾಂಸದ ಲೆಕ್ಕದಲ್ಲಿ ಹೆಚ್ಚು ಬಿಟ್ಟಂತೆ ಕಾಣುತ್ತದೆ. ಡೆಕ್ಕನಿ ತಳಿಯ ಕುರಿಯಾದರೋ ಮಾಂಸದ ಜೊತೆಗೆ ಕಂಬಳಿಯ ಉಣ್ಣೆಯನ್ನು ಕೊಡುತ್ತದೆ, ಸುಗ್ಗಿಯ ನಂತರ ಹೊಲದಲ್ಲಿ ಮಂದೆ ನಿಲ್ಲಿಸಿದಾಗ ಹಿಕ್ಕೆಯ ಗೊಬ್ಬರವನ್ನೂ ಕೊಡುತ್ತದೆ. ಆದ್ದರಿಂದ ಮೇವಿನಿಂದ ಮಾರಾಟದವರೆಗಿನ ಎಲ್ಲ ಹಂತಗಳನ್ನು ಎಣಿಸುವ ಜೀವನಚಕ್ರ ಮೌಲ್ಯಮಾಪನದಲ್ಲಿ ಹೊರೆಯನ್ನು ಈ ಉತ್ಪನ್ನಗಳ ನಡುವೆ ಹಂಚಬೇಕಾಗುತ್ತದೆ, ಮತ್ತು ಹಂಚುವ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ.

ತಪ್ಪು ಕಲ್ಪನೆ 3: ಕಿಲೋ ಕುರಿಮಾಂಸ ಸುಮಾರು 10,400 ಲೀಟರ್ ನದಿ ನೀರನ್ನು ಕಬಳಿಸುತ್ತದೆ.

ಸತ್ಯ: ಇದು ಜಾಗತಿಕ ಸರಾಸರಿ, ಮತ್ತು ಇದರ ಶೇಕಡ 90ಕ್ಕೂ ಹೆಚ್ಚು ಪಾಲು ಮೇವಿನ ಗಿಡಗಳು ಹೀರಿದ ಮಳೆನೀರು, ಅಂದರೆ ‘ಹಸಿರು ನೀರು’; ನದಿ, ಕೆರೆ, ಕೊಳವೆಬಾವಿಗಳಿಂದ ಎತ್ತಿದ ‘ನೀಲಿ ನೀರು’ ಅಲ್ಪ.

ತಪ್ಪು ಕಲ್ಪನೆ 4: ಘಟ್ಟ ಇಳಿದು ಬರುವ ಮಾಂಸದಲ್ಲಿ ಲಾರಿಯ ಹೊಗೆಯೇ ದೊಡ್ಡ ಹೊರೆ.

ಸತ್ಯ: ಕುರಿಮಾಂಸದ ಒಟ್ಟು ಹೊರೆಯಲ್ಲಿ ಸಾಗಣೆಯ ಪಾಲು ಬಹಳ ಚಿಕ್ಕದು, ಬಹುಪಾಲು ಹುಟ್ಟುವುದು ಸಾಕುವ ಹಂತದಲ್ಲಿಯೇ.

ಯಾವ ಘಟಕಕ್ಕೆ, ಎಷ್ಟು ಅವಧಿಗೆ, ಯಾವ ನೆಲದಲ್ಲಿ ಅಳೆಯಲಾಯಿತು ಎಂಬುದನ್ನು ಹೇಳದ ಅಂಕಿಯ ಬಲದಿಂದ ಕುರಿಗಾರನನ್ನು ದೂಷಿಸುವುದೂ ಹೊಗಳುವುದೂ ನ್ಯಾಯವಲ್ಲ.