ನೀರೊಲೆಯ ಗೆಣಸಿಗೆ ಮೆಡಿಟರೇನಿಯನ್ ಹೂರಣ

ಸಂಕ್ರಾಂತಿಯ ಮರುದಿನ ನಮ್ಮ ಕಡೆಯ ಅಡಿಗೆಮನೆಗಳನ್ನು ನೀವು ನೋಡಬೇಕು. ಮಂಕರಿಯ ತಳದಲ್ಲಿ ಬೇಯಿಸದೆ ಉಳಿದ ನಾಲ್ಕಾರು ಗೆಣಸು, ಮೊರದ ತುಂಬ ಅವರೆಕಾಯಿ, ಎಳ್ಳುಬೆಲ್ಲಕ್ಕೆಂದು ತಂದು ಮಿಕ್ಕ ಪಾವು ಬಿಳಿ ಎಳ್ಳು. ಹಬ್ಬ ಮುಗಿದ ಮೇಲೆ ಇವನ್ನು ಕೇಳುವವರಿಲ್ಲ. ಅವರೆ ಹೇಗೋ ಸಾರಿಗೆ ಹೋಗುತ್ತದೆ, ಎಳ್ಳು ಡಬ್ಬಿ ಸೇರುತ್ತದೆ, ಗೆಣಸು ಮಾತ್ರ ಮೂಲೆಯಲ್ಲಿ ಮೊಳಕೆಯೊಡೆಯುತ್ತಾ ಕೂರುತ್ತದೆ.

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್‌ನಲ್ಲಿ ನನ್ನ ತಂಗಿಯ ಮನೆ. ಈ ಸಲದ ಹಬ್ಬಕ್ಕೆ ನಾನು ಅಲ್ಲಿದ್ದೆ. ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಅವಳ ಮಗಳೂ ಬಂದಿದ್ದಳು. ಮರುದಿನ ಬೆಳಿಗ್ಗೆ ಹುಡುಗಿ ಮೊಬೈಲ್ ಹಿಡಿದುಕೊಂಡು ಅಡಿಗೆಮನೆಗೆ ಬಂದಳು. "ದೊಡ್ಡಮ್ಮ, ಇದನ್ನ ನೋಡು. ನಮ್ಮ ಕಾಲೇಜಿನ ಹತ್ತಿರ ಒಂದು ಹೋಟೆಲಿನಲ್ಲಿ ಸಿಗತ್ತೆ. ಮೆಡಿಟರೇನಿಯನ್ ಸ್ಟಫ್ಡ್ ಸ್ವೀಟ್ ಪೊಟೇಟೊ." ಚಿತ್ರದಲ್ಲಿ ಹೊಟ್ಟೆ ಸೀಳಿದ ಒಂದು ಗೆಣಸು, ಅದರೊಳಗೆ ಕಾಬೂಲಿ ಕಡಲೆ, ಮೇಲೆ ಬೆಳ್ಳಗಿನ ಗೊಜ್ಜಿನಂಥದ್ದು, ಒಂದಿಷ್ಟು ಹಸಿರು. ಬೆಲೆ ಕೇಳಿ ಅವಳ ಅಜ್ಜಿ, ಅಂದರೆ ನನ್ನ ತಂಗಿಯ ಅತ್ತೆ, ಅವರೆ ಸುಲಿಯುವುದನ್ನು ನಿಲ್ಲಿಸಿದರು. "ಒಂದು ಗೆಣಸಿಗಾ? ಅಷ್ಟು ದುಡ್ಡಿಗೆ ಒಂದು ಮೂಟೆ ಕೊಡ್ತಾರಲ್ಲೇ!"

ಮೂಟೆ ಎಂದದ್ದು ಅಜ್ಜಿಯ ಉತ್ಪ್ರೇಕ್ಷೆ. ಆದರೆ ಹುಡುಗಿ ಆಮೇಲೆ ಹೇಳಿದ ಮಾತು ಉತ್ಪ್ರೇಕ್ಷೆಯಲ್ಲ. ಎಂಟನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಒಂದು ದಿನ ಅವಳ ಟಿಫನ್ ಡಬ್ಬಿಗೆ ಬೇಯಿಸಿದ ಗೆಣಸು ಹಾಕಿಕೊಟ್ಟಿದ್ದರಂತೆ. ಪಕ್ಕದಲ್ಲಿ ಕೂತವರು "ಮನೇಲಿ ಅಕ್ಕಿ ಇಲ್ಲವಾ?" ಎಂದು ನಕ್ಕರು. ಅಂದಿನಿಂದ ಅವಳು ಗೆಣಸು ಮುಟ್ಟಿರಲಿಲ್ಲ. ಈಗ ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೆ ಹಸಿವಾದಾಗ ಬಿಸಿನೀರು ಸುರಿದು ನೂಡಲ್ಸ್ ತಿನ್ನುತ್ತಾಳೆ, ಹೋಟೆಲಿನ ಪಟ್ಟಿಯಲ್ಲಿ ಅದೇ ಗೆಣಸನ್ನು ಇಂಗ್ಲಿಷಿನಲ್ಲಿ ಕಂಡು ಆಸೆಪಡುತ್ತಾಳೆ. ಇದನ್ನು ಕೇಳಿದ ಅಜ್ಜಿ ಏನೂ ಮಾತಾಡಲಿಲ್ಲ. ಎದ್ದು ಹೋಗಿ ನೀರೊಲೆಯ ಕೆಂಡ ಸರಿಸಿ, ನಾಲ್ಕು ಗೆಣಸನ್ನು ಬಿಸಿ ಬೂದಿಯಲ್ಲಿ ಹುಗಿದು ಬಂದರು.

ಬೂದಿಯ ಗುಟ್ಟು

ಬೂದಿಯಲ್ಲಿ ಸುಟ್ಟ ಗೆಣಸು ಕುಕ್ಕರಿನಲ್ಲಿ ಬೇಯಿಸಿದ್ದಕ್ಕಿಂತ ಸಿಹಿ ಎಂಬುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಏಕೆ ಎಂಬುದನ್ನು ವಿಜ್ಞಾನ ಓದುವ ಮಕ್ಕಳು ತಿಳಿದುಕೊಂಡರೆ ಚೆನ್ನ. ಗೆಣಸಿನಲ್ಲಿ ಪಿಷ್ಟವಿದೆ, ಜೊತೆಗೇ ಬೀಟಾ ಅಮೈಲೇಸ್ ಎಂಬ ಕಿಣ್ವವೂ ಇದೆ. ಶಾಖಕ್ಕೆ ಪಿಷ್ಟ ಉಬ್ಬಿ ಮೆತ್ತಗಾದಾಗ ಈ ಕಿಣ್ವ ಅದನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆಯನ್ನಾಗಿ ಮಾಡುತ್ತದೆ. ಈ ಕೆಲಸ ಚುರುಕಾಗಿ ನಡೆಯುವುದು ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್‌ನ ನಡುವೆ. ಅದಕ್ಕಿಂತ ಶಾಖ ಹೆಚ್ಚಿದರೆ ಕಿಣ್ವವೇ ಕೆಡುತ್ತದೆ. ಪ್ರೆಷರ್ ಕುಕ್ಕರ್ ಈ ಹಂತವನ್ನು ನಿಮಿಷಗಳಲ್ಲಿ ದಾಟಿಬಿಡುತ್ತದೆ. ಮೈಕ್ರೋವೇವ್ ಇನ್ನೂ ಬೇಗ. ಬೂದಿಯಾದರೋ ಮುಕ್ಕಾಲು ಗಂಟೆ, ಒಂದು ಗಂಟೆ ತೆಗೆದುಕೊಂಡು ನಿಧಾನವಾಗಿ ಒಳಗಿನವರೆಗೆ ಕಾಯಿಸುತ್ತದೆ, ಕಿಣ್ವಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ನೀರಿನ ಪಸೆ ಆರಿ ರುಚಿಯೂ ಗಟ್ಟಿಯಾಗುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಸುಟ್ಟ ಗೆಣಸು ಬೇಯಿಸಿದ್ದಕ್ಕಿಂತ ಬೇಗ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರಿಗೆ ನೀರಿನಲ್ಲಿ ಬೇಯಿಸಿದ್ದೇ ವಾಸಿ, ಅದೂ ಅಳತೆಯಲ್ಲಿ.

ನೀರೊಲೆ ಇಲ್ಲದವರು ಏನು ಮಾಡಬೇಕು? ದಪ್ಪ ತಳದ ಬಾಣಲೆಯಲ್ಲಿ ಎರಡು ಬೆರಳು ದಪ್ಪ ಕಲ್ಲುಪ್ಪು ಹರಡಿ, ತೊಳೆದು ಒರೆಸಿದ ಗೆಣಸನ್ನು ಇಡೀ ಇಡಿಯಾಗಿ ಅದರ ಮೇಲಿಟ್ಟು, ಭಾರದ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಿಡಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮಗ್ಗುಲು ತಿರುಗಿಸಿದರೆ ಸಾಕು. ಇನ್ನೂರು ಗ್ರಾಮಿನ ಗೆಣಸಿಗೆ ಮುಕ್ಕಾಲರಿಂದ ಒಂದು ಗಂಟೆ ಹಿಡಿಯುತ್ತದೆ. ಚಾಕುವಿನ ತುದಿ ಸಲೀಸಾಗಿ ಇಳಿದರೆ ಆಯಿತು. ಉಪ್ಪನ್ನು ಎಸೆಯಬೇಡಿ, ಮತ್ತೆ ಮತ್ತೆ ಇದಕ್ಕೇ ಬಳಸಬಹುದು. ಓವನ್ ಇರುವವರು 200 ಡಿಗ್ರಿಯಲ್ಲಿ ಒಂದು ಗಂಟೆ ಇಡಬಹುದು.

ಮಸಾಲೆ ಡಬ್ಬಿಯ ನೆಂಟರು

ಇನ್ನು ಮೆಡಿಟರೇನಿಯನ್ ಎಂಬ ದೊಡ್ಡ ಹೆಸರಿನ ವಿಚಾರ. ದಕ್ಷಿಣ ಯೂರೋಪು, ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾಗಳ ನಡುವಿನ ಸಮುದ್ರ ಅದು. ಅದರ ದಂಡೆಯ ಗ್ರೀಸ್, ಇಟಲಿ, ಸ್ಪೇನ್, ಮೊರಾಕೊ ಮುಂತಾದ ದೇಶಗಳ ಊಟದ ಪದ್ಧತಿಯನ್ನು 2010ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಳು, ಸೊಪ್ಪು, ತರಕಾರಿ, ಆಲಿವ್ ಎಣ್ಣೆ, ನಿಂಬೆ, ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ. ಆಲಿವ್ ಒಂದನ್ನು ಬಿಟ್ಟರೆ ಇದರಲ್ಲಿ ಮಂಡಿಕಲ್‌ನ ಅಂಗಡಿಯಲ್ಲಿ ಸಿಗದ್ದು ಯಾವುದು?

ಹಾಗೆ ನೋಡಿದರೆ ನಾವು ನಮ್ಮದೆಂದುಕೊಂಡ ಕೊತ್ತಂಬರಿ, ಜೀರಿಗೆ, ಮೆಂತ್ಯಗಳೇ ಆ ಕಡೆಯಿಂದ ಬಂದ ನೆಂಟರು. 1922ರಲ್ಲಿ ಈಜಿಪ್ಟಿನ ದೊರೆ ತೂತಾಂಖಾಮನ್‌ನ ಸಮಾಧಿ ತೆರೆದಾಗ ಅಲ್ಲಿದ್ದ ವಸ್ತುಗಳಲ್ಲಿ ಕೊತ್ತಂಬರಿ ಬೀಜವೂ ಮೆಂತ್ಯವೂ ಇದ್ದವು. ಅವು ಮೂರು ಸಾವಿರ ವರ್ಷಕ್ಕೂ ಹಳೆಯವು. ಕಡಲೆಯನ್ನು ಮೊದಲು ಬೆಳೆಗೆ ತಂದದ್ದು ಈಗಿನ ಟರ್ಕಿಯ ಆಗ್ನೇಯ ಭಾಗದಲ್ಲಿ. ಎಳ್ಳು ಮಾತ್ರ ನಮ್ಮ ಕಡೆಯಿಂದ ಅತ್ತ ಹೋದದ್ದು ಎನ್ನುವುದು ಸಸ್ಯವಿಜ್ಞಾನಿಗಳ ಅಭಿಪ್ರಾಯ. ಹರಪ್ಪದ ಉತ್ಖನನದಲ್ಲಿ ಸುಟ್ಟ ಎಳ್ಳು ಸಿಕ್ಕಿದೆ. ಅರಬ್ಬರು ಅದನ್ನು ಅರೆದು ತಹಿನಿ ಎಂದರು. ಅರಬ್ಬಿಯಲ್ಲಿ ಆ ಪದದ ಮೂಲವೇ ಅರೆಯುವುದು, ಬೀಸುವುದು. ನಮ್ಮ ಅವರೆಯ ಸಸ್ಯಶಾಸ್ತ್ರೀಯ ಹೆಸರಿನಲ್ಲಿರುವ 'ಲಬ್ಲಬ್' ಕೂಡ ಅರಬ್ಬಿ ಪದವೇ.

ಗೆಣಸಂತೂ ಎರಡೂ ಕಡೆಯದಲ್ಲ. ಅದು ಅಮೆರಿಕ ಖಂಡದ ಬೆಳೆ. 1492ರ ಕೊಲಂಬಸನ ಯಾನದ ನಂತರ ಸ್ಪೇನಿಗೆ ಬಂತು, ನಮ್ಮಲ್ಲಿಗೆ ಪೋರ್ಚುಗೀಸರು ತಂದರು. ಕೆರಿಬಿಯನ್ ದ್ವೀಪಗಳ ಜನ ಅದನ್ನು ಬಟಾಟ ಎನ್ನುತ್ತಿದ್ದರು. ಆ ಹೆಸರು ಆಮೇಲೆ ಆಲೂಗಡ್ಡೆಗೆ ಅಂಟಿಕೊಂಡಿತು. ನಮ್ಮ ಕರಾವಳಿಯವರು ಇವತ್ತಿಗೂ ಆಲೂಗಡ್ಡೆಗೆ ಬಟಾಟೆ ಎನ್ನುವುದು ಇದರಿಂದಲೇ. ಆಲೂಗಡ್ಡೆಗೂ ಗೆಣಸಿಗೂ ರಕ್ತಸಂಬಂಧವೇನೂ ಇಲ್ಲ. ಕೈರೋ, ಅಲೆಕ್ಸಾಂಡ್ರಿಯಾಗಳಲ್ಲಿ ಚಳಿಗಾಲದಲ್ಲಿ ಹೊಗೆಕೊಳವೆಯ ಒಲೆಯಿಟ್ಟುಕೊಂಡ ಗಾಡಿಗಳು ಬೀದಿ ಬೀದಿ ಸುತ್ತಿ ಸುಟ್ಟ ಗೆಣಸು ಮಾರುತ್ತವೆ. ಅಲ್ಲಿಯೂ ಅದರ ಹೆಸರು ಬಟಾಟವೇ. ಅಜ್ಜಿಗೆ ಇದನ್ನು ಹೇಳಿದೆ. "ಅಲ್ಲೂ ಬೂದಿ ಇರ್ತದಾ?" ಎಂದಷ್ಟೇ ಕೇಳಿದರು.

ತರಕಾರಿಯ ಹೊಟ್ಟೆ ಸೀಳಿ ತುಂಬುವುದೂ ನಮಗೆ ಹೊಸದಲ್ಲ. ನಮ್ಮ ಬದನೆಕಾಯಿ ಎಣ್ಣೆಗಾಯಿಗೆ ಟರ್ಕಿಯಲ್ಲೊಂದು ಅಕ್ಕ ಇದ್ದಾಳೆ, 'ಇಮಾಂ ಬಾಯಿಲ್ದಿ' ಎಂದು. ಹಾಗೆಂದರೆ 'ಇಮಾಮರು ಮೂರ್ಛೆಹೋದರು'. ರುಚಿಗೋ, ಸುರಿದ ಎಣ್ಣೆಯ ಖರ್ಚು ಕೇಳಿಯೋ ಎಂಬುದರಲ್ಲಿ ಎರಡು ಕಥೆಗಳಿವೆ.

ತುಂಬುವ ಬಗೆ

ಗೆಣಸನ್ನು ಹಾಗೇ ತಿಂದರೆ ಹೊಟ್ಟೆ ತುಂಬುತ್ತದೆ, ಊಟವಾಗುವುದಿಲ್ಲ. ಕಾರಣ ಸರಳ. ನೂರು ಗ್ರಾಂ ಗೆಣಸಿನಲ್ಲಿ ಸುಮಾರು 20 ಗ್ರಾಂ ಶರ್ಕರ ಪಿಷ್ಟವಿದೆ, 3 ಗ್ರಾಂ ನಾರಿದೆ, ಪ್ರೊಟೀನು ಮಾತ್ರ ಒಂದೂವರೆ ಗ್ರಾಮಿನ ಆಸುಪಾಸು. ಬೆಳೆಯುವ ಮಕ್ಕಳಿಗೆ ಇದು ಏನೇನೂ ಸಾಲದು. ಒಣ ಕಡಲೆಯಲ್ಲಾದರೆ ನೂರಕ್ಕೆ 20 ಗ್ರಾಂ ಪ್ರೊಟೀನು. ಆದ್ದರಿಂದ ಇಲ್ಲಿ ಹೂರಣ ಅಲಂಕಾರವಲ್ಲ, ಊಟದ ಅರ್ಧ ಭಾಗವೇ ಅದು. ತುಂಬುವಾಗ ಜಿಪುಣತನ ಬೇಡ.

ನಾಲ್ಕು ಜನಕ್ಕೆ ನಾಲ್ಕು ಮಧ್ಯಮ ಗಾತ್ರದ ಗೆಣಸು. ಹೂರಣಕ್ಕೆ ಹುಡುಗಿಯ ಮೊಬೈಲ್ ಕಾಬೂಲಿ ಕಡಲೆ ಹೇಳಿತ್ತು. ನಾವು ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಿದುಕಿ, ಎರಡು ಬಟ್ಟಲು ಬೇಳೆ ತೆಗೆದು, ಉಪ್ಪು ಹಾಕಿ ಮೆತ್ತಗೆ ಬೇಯಿಸಿಕೊಂಡೆವು. ಅವರೆ ಇಲ್ಲದ ಕಾಲದಲ್ಲಿ ಒಂದು ಬಟ್ಟಲು ಕಡಲೆಯನ್ನು ಎಂಟು ಗಂಟೆ ನೆನೆಸಿ ಬೇಯಿಸಿದರಾಯಿತು, ಕಾಬೂಲಿಯೇ ಆಗಬೇಕೆಂದಿಲ್ಲ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಹೆಚ್ಚಿದ ಈರುಳ್ಳಿ ಬಾಡಿಸಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಹುರಿದು ಕುಟ್ಟಿದ ಒಂದು ಚಮಚ ಜೀರಿಗೆ, ಅಷ್ಟೇ ಕೊತ್ತಂಬರಿ ಬೀಜ, ಅರ್ಧ ಚಮಚ ಮೆಣಸಿನಪುಡಿ ಹಾಕಿ. ಒಂದು ಟೊಮೇಟೊ ಹೆಚ್ಚಿ ಹಾಕಿ ಮೆತ್ತಗಾಗಿಸಿ, ಬೆಂದ ಕಾಳು ಸೇರಿಸಿ ನೀರು ಇಂಗುವವರೆಗೆ ಕೈಯಾಡಿಸಿ. ಒಗ್ಗರಣೆ, ಇಂಗು, ಕರಿಬೇವು ಬೇಡ. ಕೈ ಅತ್ತಲೇ ಹೋಗುತ್ತದೆ, ನನಗೂ ಹೋಗಿತ್ತು. ಹಾಕಿದರೆ ಚೆನ್ನಾಗಿಯೇ ಇರುತ್ತದೆ, ಆದರೆ ಅದು ನಮ್ಮ ಪಲ್ಯವಾಗುತ್ತದೆ. ಎಣ್ಣೆಗೆ ಕಡಲೆಕಾಯಿ ಎಣ್ಣೆಯೇ ಸಾಕು. ಆಲಿವ್ ಎಣ್ಣೆ ಮನೆಯಲ್ಲಿದ್ದರೆ ಕೊನೆಗೆ ಒಂದು ಚಮಚ ಮೇಲೆ ಸುರಿಯಿರಿ. ಇದಕ್ಕಾಗಿಯೇ ಕೊಳ್ಳಲು ಹೋಗಬೇಡಿ.

ಆ ಬೆಳ್ಳಗಿನ ಗೊಜ್ಜಿಗೆ ನಾಲ್ಕು ದೊಡ್ಡ ಚಮಚ ಬಿಳಿ ಎಳ್ಳನ್ನು ಬಣ್ಣ ತಿರುಗದಂತೆ ಬೆಚ್ಚಗೆ ಹುರಿಯಿರಿ. ಕೆಂಪಾದರೆ ಕಹಿ ಬರುತ್ತದೆ. ಆರಿದ ಮೇಲೆ ಎರಡು ಚಮಚ ಎಣ್ಣೆಯೊಂದಿಗೆ ಮಿಕ್ಸಿಯಲ್ಲಿ ನುಣ್ಣಗೆ ಅರೆಯಿರಿ. ಅರ್ಧ ಎಸಳು ಬೆಳ್ಳುಳ್ಳಿ, ಉಪ್ಪು, ಒಂದು ನಿಂಬೆಹಣ್ಣಿನ ರಸ ಸೇರಿಸಿ ಕಲಕಿ. ಆಗ ಅದು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಒಡೆದುಹೋದಂತೆ ಕಾಣುತ್ತದೆ. ನಮ್ಮ ಹುಡುಗಿ ಕೆಟ್ಟೇಹೋಯಿತೆಂದು ಮುಖ ಸಣ್ಣಗೆ ಮಾಡಿದಳು. ಗಾಬರಿ ಬೇಡ, ತಣ್ಣೀರನ್ನು ಚಮಚ ಚಮಚವಾಗಿ ಹಾಕುತ್ತಾ ಕಲಕಿದರೆ ಬೆಳ್ಳಗೆ ಕೆನೆಯಂತಾಗುತ್ತದೆ.

ಬೂದಿಯಿಂದ ತೆಗೆದ ಗೆಣಸನ್ನು ಚೆನ್ನಾಗಿ ಒರೆಸಿ, ಉದ್ದಕ್ಕೆ ಸೀಳಿ. ಪೂರ್ತಿ ಎರಡಾಗಬಾರದು. ಎರಡೂ ತುದಿ ಹಿಡಿದು ಒಳಕ್ಕೆ ಒತ್ತಿದರೆ ತಿರುಳು ಅರಳಿಕೊಳ್ಳುತ್ತದೆ. ತಿರುಳಿಗೆ ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆರಸ ಹಾಕಿ ಚಮಚದಿಂದ ಸಡಿಲಿಸಿ, ಹೂರಣ ತುಂಬಿ, ಎಳ್ಳಿನ ಗೊಜ್ಜು ಸುರಿದು, ಪುದೀನ, ಕೊತ್ತಂಬರಿ ಸೊಪ್ಪು ಉದುರಿಸಿ. ದಾಳಿಂಬೆ ಕಾಳು ನಾಲ್ಕು ಬಿದ್ದರೆ ಕಣ್ಣಿಗೂ ಹಬ್ಬ. ಬಿಸಿಯಿರುವಾಗಲೇ ತಿನ್ನಬೇಕು.

ಕೊಳ್ಳುವಾಗ, ಇಡುವಾಗ

ಗೆಣಸೆಂದರೆ ಕಣ್ಣಿಗೆ ಒಳ್ಳೆಯದು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದು ಒಳಗೆ ಕಿತ್ತಳೆ ಬಣ್ಣವಿರುವ ಗೆಣಸಿಗೆ ಸಲ್ಲುವ ಮಾತು. ಆ ಬಣ್ಣವೇ ಬೀಟಾ ಕೆರೋಟಿನ್, ದೇಹ ಅದನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ನಮ್ಮ ಸಂತೆಗಳಲ್ಲಿ ಸಾಮಾನ್ಯವಾಗಿ ಸಿಗುವ, ಹೊರಗೆ ಕೆಂಪು ಒಳಗೆ ಬಿಳಿ ಇರುವ ಗೆಣಸಿನಲ್ಲಿ ಅದು ಬಹಳ ಕಡಿಮೆ. ಆಫ್ರಿಕಾದಲ್ಲಿ ಮಕ್ಕಳ ಎ ಜೀವಸತ್ವದ ಕೊರತೆ ನೀಗಲು ಕಿತ್ತಳೆ ಗೆಣಸನ್ನು ಹರಡಿದವರಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಬಂತು. ನಮ್ಮ ದೇಶದಲ್ಲೂ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 'ಭೂ ಸೋನಾ' ಎಂಬ ಕಿತ್ತಳೆ ತಳಿಯನ್ನೂ 'ಭೂ ಕೃಷ್ಣಾ' ಎಂಬ ನೇರಳೆ ತಳಿಯನ್ನೂ ಹೊರತಂದಿದೆ. ಅಂಗಡಿಯಲ್ಲಿ ಕಿತ್ತಳೆಯದು ಸಿಕ್ಕರೆ ಅದನ್ನೇ ಆರಿಸಿ. ಕೆರೋಟಿನ್ ಮೈಗೆ ಹತ್ತಲು ಜಿಡ್ಡು ಬೇಕು, ಎಳ್ಳಿನ ಗೊಜ್ಜು ಆ ಕೆಲಸವನ್ನೂ ಮಾಡುತ್ತದೆ.

ಕೊಳ್ಳುವಾಗ ಸಣ್ಣ ತೂತುಗಳಿರುವ, ಕಪ್ಪು ಕಲೆಯಿರುವ ಗೆಣಸನ್ನು ಬಿಡಿ. ಅದು ಮೂತಿಹುಳುವಿನ ಕೆಲಸ. ಹುಳು ಬಿದ್ದ, ಬೂಷ್ಟು ಹಿಡಿದ ಗೆಣಸಿನಲ್ಲಿ ಕಹಿಯಾದ ವಿಷವಸ್ತುಗಳು ಹುಟ್ಟಿಕೊಳ್ಳುತ್ತವೆ, ಬೇಯಿಸಿದರೂ ಕಹಿ ಹೋಗುವುದಿಲ್ಲ. ಮನೆಯವರು ತಿನ್ನದ್ದನ್ನು ಹಸುವಿಗೆ ಹಾಕುವುದು ನಮ್ಮ ಕಡೆ ರೂಢಿ. ದಯವಿಟ್ಟು ಇದನ್ನು ಹಾಕಬೇಡಿ. ಬೂಷ್ಟು ಹಿಡಿದ ಗೆಣಸು ತಿಂದ ದನಗಳಿಗೆ ಶ್ವಾಸಕೋಶ ಕೆಟ್ಟು ಪ್ರಾಣವೇ ಹೋಗುವುದುಂಟು. ಫ್ರಿಜ್ಜಿನಲ್ಲೂ ಹಸಿ ಗೆಣಸು ಇಡಬಾರದು. ಅತಿ ತಂಪಿಗೆ ಅದರ ತಿರುಳು ಗಟ್ಟಿಗಟ್ಟಿ, ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಗಾಳಿಯಾಡುವ ಕತ್ತಲೆ ಮೂಲೆಯೇ ಅದಕ್ಕೆ ಸರಿ.

ಆ ದಿನ ಮಧ್ಯಾಹ್ನ ನಾವು ನಾಲ್ವರೂ ಅದನ್ನೇ ಊಟ ಮಾಡಿದೆವು. ಹುಡುಗಿ ಸಿಪ್ಪೆಯನ್ನೂ ಬಿಡಲಿಲ್ಲ. ಸಂಜೆ ಬಸ್ಸಿಗೆ ಹೊರಟಾಗ ಅವಳ ಬ್ಯಾಗಿನಲ್ಲಿ ಆರು ಗೆಣಸು, ಅರೆದ ಎಳ್ಳಿನ ಒಂದು ಸೀಸೆ ಇದ್ದವು. ನಿಂಬೆರಸ, ನೀರು ಸೇರಿಸದಿದ್ದರೆ ಅದು ಕೆಲವು ವಾರ ಕೆಡುವುದಿಲ್ಲ. ರೂಮಿನಲ್ಲಿ ಇಂಡಕ್ಷನ್ ಒಲೆ ಇದೆಯಂತೆ, ದಪ್ಪ ಬಾಣಲೆ ಕೊಳ್ಳುತ್ತೇನೆ ಎಂದಳು. ಅಜ್ಜಿ ಬಾಗಿಲವರೆಗೆ ಬಂದು, "ಮುಂದಿನ ಸಲ ಆ ಬಿಳೀ ಗೊಜ್ಜಿಗೆ ಎರಡು ಹಸಿಮೆಣಸಿನಕಾಯಿ ಹಾಕಮ್ಮ, ಸಪ್ಪೆ ಅದು" ಎಂದರು.