ಮನೆಮಾತಿನಲ್ಲಿ ಆಕಾಶ ಕಂಡವರು

ಮಕ್ಕಳು ವಿಜ್ಞಾನ ಓದಿ ಮುಂದೆ ಬಂದರೆ ಮನೆಮಾತು ಅಡಿಗೆಮನೆಗಷ್ಟೇ ಉಳಿದೀತೆಂಬ ಕೊರಗು ಹೊರನಾಡಿನ ನಮ್ಮಲ್ಲಿ ಅನೇಕರಿಗುಂಟು. ಆ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವವರು ಡಾ. ಜಯಂತ ವಿಷ್ಣು ನಾರಳೀಕರರು. ಜಗತ್ತು ಅವರನ್ನು ಖಗೋಳ ವಿಜ್ಞಾನಿಯೆಂದು ಬಲ್ಲದು. ಮರಾಠಿ ಮನೆಗಳು ಕಾದಂಬರಿಕಾರರೆಂದೂ ಬಲ್ಲವು.

1938ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಅವರು ಬೆಳೆದದ್ದು ಕಾಶಿಯಲ್ಲಿ. ತಂದೆ ಅಲ್ಲಿನ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಹೊರಗೆ ಹಿಂದಿ, ಒಳಗೆ ಮರಾಠಿ. ನಮ್ಮವುಗಳಂತೆ ಅದೂ ಒಂದು ಹೊರನಾಡ ಮನೆಯೇ. 1957ರಲ್ಲಿ ಕೇಂಬ್ರಿಜ್‌ಗೆ ಹೋದರು. ಮುಂದೆ ಅವರಿಗೆ ಗುರುವಾದ ಫ್ರೆಡ್ ಹಾಯ್ಲ್ ಅದೇ ವರ್ಷ ‘ದಿ ಬ್ಲ್ಯಾಕ್ ಕ್ಲೌಡ್’ ಎಂಬ ವಿಜ್ಞಾನ ಕಾದಂಬರಿ ಪ್ರಕಟಿಸಿದ್ದರು. ಕಥೆ ಬರೆಯುವುದು ವಿಜ್ಞಾನಿಗೆ ಕುಂದಲ್ಲವೆಂಬುದಕ್ಕೆ ಗುರುವೇ ಸಾಕ್ಷಿ.

1972ರಲ್ಲಿ ತಾಯ್ನಾಡಿಗೆ ಮರಳಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಸೇರಿದರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಬರೆಯುವ ಮನಸ್ಸಾಯಿತು. ಆದರೆ 1965ರಲ್ಲೇ ಪದ್ಮಭೂಷಣ ಪಡೆದವರ ಕಥೆಯನ್ನು ತೀರ್ಪುಗಾರರು ಸಂಕೋಚವಿಲ್ಲದೆ ತೂಗಿಯಾರೇ? ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದಾಗಿಸಿ, ‘ನಾರಾಯಣ ವಿನಾಯಕ ಜಗತಾಪ’ ಎಂದು ಬರೆದು ಕಳುಹಿಸಿದರು. ಬೆಳಕನ್ನೂ ಹೊರಬಿಡದ ಕಪ್ಪುರಂಧ್ರದ ಹೆಸರು ಹೊತ್ತ ಆ ‘ಕೃಷ್ಣವಿವರ’ಕ್ಕೇ ಮೊದಲ ಬಹುಮಾನ ಬಂತು! ಹೆಸರಿಗಲ್ಲ, ಬರಹಕ್ಕೆ ಬಂದ ಬಹುಮಾನವದು.

ಅಲ್ಲಿಂದ ಲೇಖನಿ ನಿಲ್ಲಲಿಲ್ಲ. ‘ಯಕ್ಷಾಂಚೀ ದೇಣಗೀ’ ಕಥಾಸಂಗ್ರಹ ಬಂತು. ‘ಪ್ರೇಷಿತ’, ‘ವಾಮನ ಪರತ ನ ಆಲಾ’ ಕಾದಂಬರಿಗಳು ಬಂದವು. 1988ರಿಂದ 2003ರ ವರೆಗೆ ಪುಣೆಯ ಖಗೋಳ ವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರಾಗಿ ದುಡಿಯುತ್ತಿದ್ದಾಗಲೂ ಮರಾಠಿಯಲ್ಲಿ ಬರೆಯುವುದನ್ನು ಬಿಡಲಿಲ್ಲ. ಹಸ್ತಾಕ್ಷರ ಕೇಳಿದ ಮಕ್ಕಳಿಗೆ, ಪೋಸ್ಟ್ ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳುಹಿಸಿರೆನ್ನುತ್ತಿದ್ದರು. ಉತ್ತರದ ಕೆಳಗೆ ಸಹಿ ಇರುತ್ತಿತ್ತು. ಆತ್ಮಕಥೆಗೆ 2014ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 2021ರಲ್ಲಿ ನಾಸಿಕದ ಮರಾಠಿ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಗೌರವಿಸಿತು. 2025ರ ಮೇ 20ರಂದು ಪುಣೆಯಲ್ಲಿ, 86ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕನ್ನಡದಲ್ಲೂ ರಾಜಶೇಖರ ಭೂಸನೂರಮಠರಂಥವರು ಈ ದಾರಿ ತುಳಿದಿದ್ದಾರೆ. ಆದ್ದರಿಂದ ಕೊರತೆ ಭಾಷೆಯದಲ್ಲ. ಊಟದ ಹೊತ್ತಿನಲ್ಲಿ ಮಗು ನಕ್ಷತ್ರದ ಮಾತೆತ್ತಿದರೆ ಉತ್ತರವನ್ನು ಇಂಗ್ಲಿಷ್ ಪುಸ್ತಕಕ್ಕೆ ಬಿಟ್ಟುಕೊಡುವ ಅಭ್ಯಾಸ ನಮ್ಮದು. ಮುಂದಿನ ಸಲ ತಡವರಿಸಿಯಾದರೂ ಕನ್ನಡದಲ್ಲೇ ಹೇಳಿ ನೋಡೋಣ. ಯಾವ ಮನೆಯ ‘ಜಗತಾಪ’ ಯಾವ ಹೆಸರಿನಲ್ಲಿ ಅಡಗಿದ್ದಾನೆಂದು ಬಲ್ಲವರಾರು?